ಮೂಕಾಕ್ಷರಗಳ ಕಾವಲು

ಈ ವಾರ ಫ್ರೆಂಚಿನ ಭೂತಕಾಲದ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಕ್ಕೆ ಹೋಯಿತು. ಫ್ರೆಂಚ್ ಕಲಿಯುತ್ತಿರುವ ಪಕ್ಕದ ಮನೆಯ ಹುಡುಗಿ ಪಠ್ಯಪುಸ್ತಕ ತಂದಿದ್ದಳು. ‘ಅವರು’ ಎಂಬ ಬಹುವಚನದ ಪ್ರತಿ ಕ್ರಿಯಾಪದದ ಕೊನೆಯ ಇ, ಎನ್, ಟಿ ಮೂರನ್ನೂ ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದಳು. ‘ಉಚ್ಚಾರ ಇಲ್ಲ, ಬಿಟ್ಟುಬಿಡಿ ಅಂದ್ರು ಮಿಸ್’ ಎಂದಳು.

ಈ ‘ಬಿಟ್ಟುಬಿಡಿ’ ಪಂಥದ ಜೊತೆ ನನ್ನ ಜಗಳ ಹಳೆಯದು. ‘ಅವನು ಹೊರಡುತ್ತಾನೆ’ ಎಂಬುದಕ್ಕೆ ಫ್ರೆಂಚಿನಲ್ಲಿ ‘ಇಲ್ ಪಾರ್’. ಬರವಣಿಗೆಯ ಕೊನೆಯಲ್ಲಿ ಟಿ ಇದ್ದರೂ ಕೇಳಿಸದು. ‘ಅವರು ಹೊರಡುತ್ತಾರೆ’ ಎಂದರೆ ‘ಇಲ್ ಪಾರ್ತ್’. ಹುಡುಗಿಯ ಪುಸ್ತಕದಲ್ಲಿ ಆ ಮೂರಕ್ಷರ ಹೋದ ಮೇಲೆ ಉಳಿದದ್ದು ಏಕವಚನದ ರೂಪವೇ. ಅವಳು ‘ಪಾರ್’ ಎಂದೇ ಓದಿದಳು. ಹಿಂದೆ ಮೂಕಾಕ್ಷರಗಳು ನಿಂತಿರುವುದರಿಂದಲೇ ಆ ತಕಾರಕ್ಕೆ ಜೀವ. ಅವು ತಾವು ಮಾತಾಡವು, ಮುಂದಿನವನ ಬಾಯಿ ಮುಚ್ಚಲೂ ಬಿಡವು.

ಇನ್ನು ಪದ ಒಡೆಯುವ ವಿಚಾರ. ‘ಇಲ್’ ಮತ್ತು ‘ಎಮ್’ (ಪ್ರೀತಿಸುತ್ತಾನೆ) ಕೂಡಿದಾಗ ಕಿವಿಗೆ ಬೀಳುವುದು ‘ಇ-ಲೆಮ್’. ಬಹುವಚನದಲ್ಲಿ ಸರ್ವನಾಮದ ಮೂಕ ಎಸ್ ಜ಼ಕಾರವಾಗಿ ಎದ್ದು ಮುಂದಿನ ಸ್ವರವನ್ನು ಹಿಡಿಯುತ್ತದೆ: ‘ಇಲ್-ಜ಼ೆಮ್’. ಕ್ರಿಯಾಪದದ ಉಚ್ಚಾರ ಎರಡರಲ್ಲೂ ಒಂದೇ. ವಚನ ತಿಳಿಯುವುದು ಸಂಧಿಯಿಂದ. ಕನ್ನಡದವರಿಗೆ ಇದನ್ನು ಬೇರೆ ಕಲಿಸಬೇಕೆ? ‘ಅವನು’, ‘ಇಲ್ಲ’ ಸೇರಿದರೆ ಅ-ವ-ನಿಲ್-ಲ ಎನ್ನುತ್ತೇವೆ. ‘ನಾನು’ ಎಂಬರ್ಥದ ‘ಝ’ ತನ್ನ ಸ್ವರ ಬಿಟ್ಟು ‘ಝೆಮ್’ ಆಗುವುದು ನಮ್ಮ ಲೋಪಸಂಧಿಯ ಹಾಗೆಯೇ. ‘ಅವನು ಪ್ರೀತಿಸುತ್ತಾನೆಯೇ?’ ಎಂದು ಕೇಳುವಾಗ ಕ್ರಿಯಾಪದಕ್ಕೂ ಸರ್ವನಾಮಕ್ಕೂ ನಡುವೆ ಒಂದು ತಕಾರ ಬಂದು ‘ಎಮ್-ತಿಲ್’ ಆಗುತ್ತದೆ. ‘ಮನೆಯಲ್ಲಿ’ ಎಂಬಲ್ಲಿ ಯಕಾರ ಬಂದು ಕೂರುವುದಿಲ್ಲವೇ, ಹಾಗೆ. ಹೈಸ್ಕೂಲಿನ ಸಂಧಿಪಾಠ ನೆನಪಿದ್ದವರಿಗೆ ಫ್ರೆಂಚಿನ ಅರ್ಧ ದಾರಿ ಸಾಗಿದಂತೆಯೇ.

ಮೂಕಾಕ್ಷರಗಳು ಬಾಯಿಬಿಡುವ ಜಾಗವೂ ಒಂದಿದೆ, ಪದ್ಯ. ಫ್ರೆಂಚ್ ನಾಟಕಕಾರ ರಾಸೀನನ ‘ಫೆದ್ರ್’ ಎಂಬ ಪದ್ಯನಾಟಕ ರಂಗಕ್ಕೆ ಬಂದದ್ದು 1677ರಲ್ಲಿ. ಅದರ ಸಾಲಿಗೆ 12 ಉಚ್ಚಾರಾಂಶ, ಆರರ ಬಳಿಕ ಯತಿ. ನಮ್ಮ ಷಟ್ಪದಿಯಂತೆ ಲಘು-ಗುರು ನೋಡಿ ಮಾತ್ರೆ ಹಾಕುವುದಿಲ್ಲ, ಉಚ್ಚಾರಾಂಶವನ್ನಷ್ಟೇ ಎಣಿಸುತ್ತಾರೆ. ದಿನಬಳಕೆಯಲ್ಲಿ ಒಂದೇ ಉಸಿರಿನ ‘ಪಾರ್ಲ್’ (ಮಾತಾಡುತ್ತಾರೆ) ಇಂಥ ಸಾಲಿನ ನಡುವೆ ಬಂದರೆ ‘ಪಾರ್-ಲ’ ಎಂದು ಎರಡಾಗುತ್ತದೆ. ಸಾಲಿನ ಕೊನೆಯಲ್ಲಿ ಬಂದರೆ ಆ ಎರಡನೆಯದು ಲೆಕ್ಕಕ್ಕಿಲ್ಲ. ನಡುವಿನ ಅಂಥದ್ದೊಂದನ್ನು ನಟ ನುಂಗಿದರೆ 12 ಹೋಗಿ 11 ಆಗುತ್ತದೆ, ಸಾಲು ಕುಂಟುತ್ತದೆ. ‘ಬಿಟ್ಟುಬಿಡಿ’ ಎಂದು ಕಲಿತ ಮಗು ನಾಳೆ ಆ ಸಾಲನ್ನು ಹೇಗೆ ಓದೀತು?

ಹುಡುಗಿಗೆ ರಬ್ಬರ್ ಕೊಟ್ಟೆ. ಅಳಿಸಿದ ಮೇಲೆ ಮತ್ತೆ ಓದಿಸಿದೆ: ‘ಇಲ್ ಪಾರ್ತ್’. ತಕಾರ ಸ್ಪಷ್ಟವಾಗಿ ಕೇಳಿತು.

ಭೂತಕಾಲ ಮುಂದಿನ ವಾರ.