ಬಾಣ ಬಿಟ್ಟ ಮೇಲಿನ ಹೊತ್ತು

ಕನ್ನಡದ ಬೇಟೆಯ ಬರಹಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬಿಲ್ಲಿನ ಬೇಟೆಯಲ್ಲಿ ಪೆಟ್ಟು ತಿಂದ ಜೀವ ಮಾತಾಡುತ್ತದೆ. ಕೋವಿಯ ಬೇಟೆಯಲ್ಲಿ ಮಾತಾಡುವುದಿಲ್ಲ. ಪಾಂಡುವಿನ ಬಾಣ ತಗುಲಿದ ಜಿಂಕೆ ಶಾಪ ಕೊಟ್ಟು ಸಾಯುತ್ತದೆ. ರಾಮನ ಬಾಣ ತಗುಲಿದ ಮಾರೀಚ ರಾಮನದೇ ದನಿಯಲ್ಲಿ ಕೂಗಿ ಸಾಯುತ್ತಾನೆ. ಜಿಂಕೆಯೆಂದು ತಿಳಿದು ಬೇಡನೊಬ್ಬ ಬಿಟ್ಟ ಬಾಣ ಕೃಷ್ಣನ ಪಾದಕ್ಕೆ ನಾಟಿದಾಗ, ಹೊಡೆಸಿಕೊಂಡವನೇ ಹೊಡೆದವನನ್ನು ಸಮಾಧಾನ ಮಾಡಿ ಹೋಗುತ್ತಾನೆ. ನಮ್ಮ ಕಾಲದ ಕೋವಿಯ ಕತೆಗಳಿಗೆ ಬಂದರೆ 'ಢಂ' ಎಂದೊಂದು ಸದ್ದು, ಆಮೇಲೆ ಹೊಗೆ, ಆಮೇಲೆ ಪಾಲು. ಜಿಂಕೆ ಏನೂ ಹೇಳುವುದಿಲ್ಲ.

ಅದು ಪುರಾಣ, ಇದು ವಾಸ್ತವ, ವ್ಯತ್ಯಾಸ ಅಷ್ಟೇ ಎಂದು ಇದನ್ನು ತಳ್ಳಿಹಾಕಬಹುದು. ನನಗೆ ಅಷ್ಟೇ ಅನ್ನಿಸುವುದಿಲ್ಲ. ಆಯುಧ ಬದಲಾದಾಗ ಕತೆಯೊಳಗಿನ ಹೊತ್ತೂ ಬದಲಾಯಿತು. ಬಾಣ ತಗುಲುವುದಕ್ಕೂ ಪ್ರಾಣ ಹೋಗುವುದಕ್ಕೂ ನಡುವೆ ಒಂದಷ್ಟು ಹೊತ್ತಿರುತ್ತದೆ. ನಮ್ಮ ಕವಿಗಳು ಹೊಡೆದವನ ಹೊಣೆಯ ಪ್ರಶ್ನೆಯನ್ನು ಆ ಹೊತ್ತಿನಲ್ಲೇ ಕೇಳಿದ್ದಾರೆ. ಕೋವಿ ಬಂದ ಮೇಲೆ ಆ ಪ್ರಶ್ನೆ ಎಲ್ಲಿಗೆ ಹೋಯಿತು ಎಂಬುದನ್ನು ಇಲ್ಲಿ ನೋಡಬೇಕೆಂದಿದ್ದೇನೆ.

ಐಟಿಯಲ್ಲಿರುವವರಿಗೆ ಈ ಬಿಲ್ಲು-ಬಂದೂಕಿನ ಚರ್ಚೆ ಇನ್ನೊಂದು ದಾರಿಯಿಂದಲೂ ಕಿವಿಗೆ ಬೀಳುತ್ತದೆ. ನವೆಂಬರ್ ಕೊನೆಗೆ ಅಮೆರಿಕದ ಕ್ಲೈಂಟುಗಳಲ್ಲಿ ಕೆಲವರು ಥ್ಯಾಂಕ್ಸ್‌ಗಿವಿಂಗ್ ರಜೆಯ ಜೊತೆಗೆ ಜಿಂಕೆ ಬೇಟೆಯ ರಜೆಯನ್ನೂ ಹಾಕಿರುತ್ತಾರೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಬಂದೂಕಿನ ಮುಖ್ಯ ಸೀಸನ್ 9 ದಿನ. ಬಿಲ್ಲಿನ ಸೀಸನ್ ಸೆಪ್ಟೆಂಬರ್ ನಡುವಿನಿಂದ ಜನವರಿಯವರೆಗೆ. ಸೀಸನ್ ಮುಗಿಯುತ್ತ ಬಂದಾಗ ಎಲೆ ಉದುರಿದ ಕಾಡಿನಲ್ಲಿ, ಹಿಮದ ನಡುವೆ, ಗುಂಡಿನ ಸದ್ದು ಕೇಳಿ ಹುಷಾರಾದ ಜಿಂಕೆಯನ್ನು ಬಿಲ್ಲಿನಿಂದ ಹೊಡೆಯುವುದೇ ನಿಜವಾದ ಬೇಟೆ ಎನ್ನುವವರಿದ್ದಾರೆ. ಬಿಲ್ಲಿನವನು ಇಪ್ಪತ್ತು ಮೂವತ್ತು ಗಜದಷ್ಟು ಹತ್ತಿರ ಹೋಗಬೇಕು, ಅದರಲ್ಲಿ ಜಿಂಕೆಗೂ ಒಂದು ಅವಕಾಶವಿದೆ ಎಂಬುದು ಅವರ ವಾದ. ಇನ್ನೊಂದು ಪಕ್ಷದವರು ಬಂದೂಕು ಬೇಗ ಕೊಲ್ಲುತ್ತದೆ, ಅದರಲ್ಲಿ ನರಳಾಟ ಕಡಿಮೆ ಎನ್ನುತ್ತಾರೆ. ಒಬ್ಬರದು ಕೌಶಲದ ಲೆಕ್ಕ, ಇನ್ನೊಬ್ಬರದು ನೋವಿನ ಲೆಕ್ಕ. ನಮ್ಮ ಕಾವ್ಯಗಳಲ್ಲಿ ಸಿಗುವ ಲೆಕ್ಕ ಇವೆರಡಕ್ಕಿಂತ ಬೇರೆ.

ಪಾಂಡುವಿನ ಕತೆಯನ್ನೇ ತೆಗೆದುಕೊಳ್ಳಿ. ಪಂಪ, ಕುಮಾರವ್ಯಾಸ ಇಬ್ಬರೂ ಹೇಳಿದ ಕತೆ ಇದು. ಜಿಂಕೆಯ ರೂಪದಲ್ಲಿ ಹೆಂಡತಿಯೊಡನೆ ಕೂಡಿದ್ದ ಕಿಂದಮ ಮುನಿಯನ್ನು ಪಾಂಡು ಹೊಡೆಯುತ್ತಾನೆ, ಹೆಣ್ಣನ್ನು ಕೂಡಿದಾಗಲೇ ಸಾಯುವ ಶಾಪ ಪಡೆಯುತ್ತಾನೆ. ಶಾಪ ನಮಗೆ ನೆನಪಿರುತ್ತದೆ, ಅದಕ್ಕೆ ಮುಂಚಿನ ವಾದ ಮರೆತುಹೋಗುತ್ತದೆ. ಮೂಲ ಭಾರತದಲ್ಲಿ ಪಾಂಡು ತನ್ನ ಪರವಾಗಿ ವಾದಿಸುತ್ತಾನೆ: ಜಿಂಕೆ ಹೊಡೆಯುವುದು ರಾಜರ ಧರ್ಮ, ಅಗಸ್ತ್ಯನಂಥ ಋಷಿಯೂ ಬೇಟೆಯಾಡಿದ್ದಾನೆ. ಅದಕ್ಕೆ ಕಿಂದಮ ಕೊಡುವ ಉತ್ತರ ಗಮನಿಸಬೇಕಾದದ್ದು. ಜಿಂಕೆಯನ್ನು ಕೊಂದದ್ದಕ್ಕೆ ಅವನ ಆಕ್ಷೇಪವಿಲ್ಲ. ಕೂಡುವ ಹೊತ್ತು ಮುಗಿಯುವವರೆಗೆ ನೀನು ಕಾಯಬೇಕಿತ್ತು ಎನ್ನುವುದು ಅವನ ದೂರು.

ಅಮೆರಿಕದವರು ಸೀಸನ್ ಎಂದು ಕಾನೂನಿನಲ್ಲಿ ಬರೆದಿಟ್ಟಿರುವುದರ ತಿರುಳು ಇಲ್ಲಿದೆ. ಜಿಂಕೆ ಯಾವ ಹೊತ್ತಿನಲ್ಲಿ ಜಿಂಕೆ ಮಾತ್ರವಾಗಿರುತ್ತದೆ, ಯಾವಾಗ ಒಂದು ಸಂಸಾರವಾಗಿರುತ್ತದೆ? ಎದೆಯಲ್ಲಿ ಬಾಣ ಇಟ್ಟುಕೊಂಡು ಬಲಿಯೇ ಕೇಳುವ ಪ್ರಶ್ನೆ ಇದು. ಪಾಂಡುವಿನ ಕೈಯಲ್ಲಿ ಕೋವಿ ಇದ್ದಿದ್ದರೆ ಈ ಸಂವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ಶಾಪವಿಲ್ಲದಿದ್ದರೆ ಕುಂತಿಯ ಮಂತ್ರಕ್ಕೆ ಕೆಲಸವಿಲ್ಲ, ಪಾಂಡವರು ನಾವು ಬಲ್ಲಂತೆ ಹುಟ್ಟುವುದೂ ಇಲ್ಲ. ಇಡೀ ಭಾರತದ ಕತೆ ಆ ಜಿಂಕೆ ಸಾಯಲು ತೆಗೆದುಕೊಂಡ ಹೊತ್ತಿನ ಮೇಲೆ ನಿಂತಿದೆ.

ಹಾಗೆಂದು ಬಿಲ್ಲನ್ನು ಕರುಣೆಯ ಆಯುಧ ಮಾಡಿ ಕೂರಿಸಲಾಗದು. ಬಾಣ ಕಾವ್ಯಕ್ಕೆ ಕೊಡುವ ಹೊತ್ತು ಜಿಂಕೆಯ ಪಾಲಿಗೆ ಬರೀ ನೋವು. ಗುರಿಯಿಟ್ಟ ಒಂದು ಗುಂಡು ಅದರ ಮಟ್ಟಿಗೆ ಹೆಚ್ಚು ದಯೆಯದ್ದಾಗಿರಬಹುದು. ಇದು ಅಹಿತವಾದ ಮಾತು, ಆದರೆ ಬೇಟೆಯ ಕಾವ್ಯ ಓದುವಾಗ ಇದನ್ನು ಬದಿಗಿಡುವುದು ಸರಿಯಲ್ಲ. ಬಿಲ್ಲು ಎಲ್ಲಿ ಕೆಡುತ್ತದೆ ಎಂಬುದನ್ನೂ ಕಾವ್ಯಗಳೇ ತೋರಿಸಿವೆ. ಪಂಪ 941ರಲ್ಲಿ ಬರೆದ ವಿಕ್ರಮಾರ್ಜುನ ವಿಜಯದಲ್ಲಿ ಖಾಂಡವ ದಹನಕ್ಕೆ ಮೊದಲು ಕೃಷ್ಣಾರ್ಜುನರ ಬೇಟೆ ಬರುತ್ತದೆ. ಅದರಲ್ಲಿ ಬೇಟೆಯೊಂದು ವಿದ್ಯೆ. ಪ್ರಾಣಿಯ ನಡೆ, ಕಾಡಿನ ಗುಣ, ಎಲ್ಲ ಬಲ್ಲವನ ವಿನೋದ. ಅದಾದ ಮೇಲೆ ಅರ್ಜುನನಿಗೆ ಗಾಂಡೀವವೂ ಬಾಣ ಮುಗಿಯದ ಬತ್ತಳಿಕೆಗಳೂ ಸಿಗುತ್ತವೆ, ಕಾಡಿಗೆ ಬೆಂಕಿ ಬೀಳುತ್ತದೆ, ಹೊರಗೆ ಓಡಿಬಂದದ್ದನ್ನೆಲ್ಲ ಅವನು ಹೊಡೆಯುತ್ತಾನೆ. ಆಯುಧದ ಜಾತಿ ಅದೇ, ಹೊಡೆಯುವ ಕೈಯೂ ಅದೇ, ಆದರೆ ಇದನ್ನು ಬೇಟೆ ಎನ್ನಲಾಗುವುದಿಲ್ಲ. ಬಾಣಗಳನ್ನು ಎಣಿಸುವ ಅಗತ್ಯ ಮುಗಿದ ಕೂಡಲೇ ಬಿಲ್ಲು ಮಿಷನ್‌ಗನ್ ಆಗುತ್ತದೆ. ಅಲ್ಲಿ ಸತ್ತ ಯಾವ ಜಿಂಕೆಯೂ ಮಾತಾಡುವುದಿಲ್ಲ.

ಆದರೆ ಅಲ್ಲಿಂದ ಒಂದು ಜೀವ ತಪ್ಪಿಸಿಕೊಳ್ಳುತ್ತದೆ. ತಕ್ಷಕನ ಮಗ ಅಶ್ವಸೇನ. ತಾಯಿ ಸತ್ತಳು, ಇವನು ಉಳಿದ. ಕುರುಕ್ಷೇತ್ರದಲ್ಲಿ ಅವನು ಕರ್ಣನ ಬತ್ತಳಿಕೆ ಸೇರಿ ಸರ್ಪಾಸ್ತ್ರವಾಗಿ ಬರುತ್ತಾನೆ. ಕೃಷ್ಣ ರಥವನ್ನು ನೆಲಕ್ಕೆ ಒತ್ತಿದ್ದರಿಂದ ಅರ್ಜುನನ ತಲೆ ಉಳಿಯಿತು, ಕಿರೀಟ ಹೋಯಿತು. ಯಕ್ಷಗಾನ ನೋಡಿ ಬೆಳೆದವರಿಗೆ ಈ ಸನ್ನಿವೇಶ ಹೇಳಿಕೊಡಬೇಕಾಗಿಲ್ಲ. ಲೆಕ್ಕವಿಡದೆ ಹೊಡೆದದ್ದರಲ್ಲಿ ಉಳಿದದ್ದು ಒಂದು ದಿನ ಬಾಣವಾಗಿ ವಾಪಸ್ಸು ಬರುತ್ತದೆ ಎಂಬುದು ಈ ಕತೆಯ ನಂಬಿಕೆ.

ಕೋವಿಯ ಸಾಹಿತ್ಯ ಈ ನಂಬಿಕೆಯನ್ನು ಕೈಬಿಡಲಿಲ್ಲ, ಆದರೆ ಅದರ ಪಾಲನ್ನು ಹುಲಿ ಚಿರತೆಗಳಿಗಷ್ಟೇ ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕತೆಗಳನ್ನು, 'ಬೆಳ್ಳಂದೂರಿನ ನರಭಕ್ಷಕ'ದಿಂದ 'ಮುನಿಶಾಮಿ ಮತ್ತು ಮಾಗಡಿ ಚಿರತೆ'ಯವರೆಗೆ, ಒಟ್ಟಿಗೆ ಓದಿ ನೋಡಿ. ಯಾರೋ ಅರೆಬರೆ ಹೊಡೆದ ಈಡಿನಿಂದ ಗಾಯಗೊಂಡ ಪ್ರಾಣಿ, ಸಹಜ ಬೇಟೆಯಾಡಲಾರದೆ ನರಭಕ್ಷಕವಾಗುತ್ತದೆ ಎಂಬ ಮಾತು ಆಂಡರ್ಸನ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಅಶ್ವಸೇನನ ಕತೆಯೇ ಇದು, ಕಾಡು ಬೇರೆ. ಗಾಯಗೊಂಡದ್ದನ್ನು ಹಾಗೇ ಬಿಟ್ಟು ಬರಬಾರದು, ರಕ್ತದ ಜಾಡು ಹಿಡಿದು ಹೋಗಿ ಮುಗಿಸಬೇಕು ಎಂಬುದು ಆ ಬೇಟೆಗಾರನ ನೀತಿ. ಬಿಲ್ಲಿನ ಕಾವ್ಯದಲ್ಲಿ ಪೆಟ್ಟಿನ ನಂತರ ಮಾತಿಗೆ ಸಿಗುತ್ತಿದ್ದ ಹೊತ್ತನ್ನು ಕೋವಿಯ ಕತೆ ಜಾಡು ಹಿಡಿಯುವುದಕ್ಕೆ ಬಳಸಿಕೊಂಡಿತು. ಈ ಕತೆಗಳ ಅತ್ಯುತ್ತಮ ಪುಟಗಳೂ ಅಂಥವೇ: ಒಣಗಿದ ಎಲೆಯ ಮೇಲಿನ ಹನಿ, ಬಾಗಿದ ಹುಲ್ಲು, ಪೊದೆಯೊಳಗಿನ ಉಸಿರು.

ಇಲ್ಲಿ ಜಿಂಕೆಗೆ ಏನು ಸಿಕ್ಕಿತು? ಗಾಯಗೊಂಡ ಜಿಂಕೆ ನರಭಕ್ಷಕವಾಗುವುದಿಲ್ಲ. ಪೊದೆಯಡಿ ಬಿದ್ದು ಸಾಯುತ್ತದೆ. ಸೇಡಿಗೆ ವಾಪಸ್ಸು ಬರಲಾರದ ಪ್ರಾಣಿಗೆ ಕೋವಿಯ ಕತೆಯಲ್ಲಿ ಪಾತ್ರವಿಲ್ಲ. ಅದು ಹುಲಿಯ ಆಹಾರ, ಇಲ್ಲವೇ ಮನುಷ್ಯರ ಆಹಾರ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936), 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳ ಮಲೆನಾಡಿನಲ್ಲಿ ಬೇಟೆ ಬದುಕಿನ ದಿನಚರಿ. ಕೇಪಿನ ಕೋವಿ, ಹಳು, ನಾಯಿಗಳು, ಮಾಂಸದ ಪಾಲು, ಯಾವುದೂ ಅಲ್ಲಿ ಅಲಂಕಾರವಲ್ಲ. ಯಾವ ಜೀವವೂ ಕಡಿಮೆಯಲ್ಲ ಎಂಬ ಅರ್ಥದ ಮುಂಮಾತಿನೊಂದಿಗೆ ತೆರೆದುಕೊಳ್ಳುವ ಎರಡನೆಯ ಕಾದಂಬರಿಯಲ್ಲಿ ಗುತ್ತಿಯ ನಾಯಿ ಹುಲಿಯನಿಗೆ ಹೆಸರಿದೆ, ಸ್ವಭಾವವಿದೆ, ಓದುಗನ ಗಂಟಲು ಕಟ್ಟಿಸುವ ಸಾವೂ ಇದೆ. ಬೇಟೆಯಾದ ಮಿಗಕ್ಕೆ ಅಂಥದ್ದೇನೂ ಇಲ್ಲ. ಇದನ್ನು ದೋಷವೆಂದು ಹೇಳುತ್ತಿಲ್ಲ. ಹಸಿವನ್ನೂ ಕಾಡನ್ನೂ ಕಣ್ಣಾರೆ ಬಲ್ಲವರ ಪ್ರಾಮಾಣಿಕತೆ ಅದು. ಆದರೆ ಅಷ್ಟು ದೊಡ್ಡ ಕರುಣೆಯ ಕಾದಂಬರಿಯಲ್ಲೂ ಕಿಂದಮನ ಪ್ರಶ್ನೆಗೆ ಜಾಗ ಸಿಗಲಿಲ್ಲ ಎಂಬುದನ್ನು ಗುರುತಿಸಿಕೊಳ್ಳಬೇಕು.

ಇಲ್ಲಿಯವರೆಗೆ ಹೇಳಿದ್ದು ಎರಡು ಆಯುಧಗಳ ಮಾತು. ನಾನಿರುವ ದೌಂಡಿನಲ್ಲಿ ಕೂತು ಓದಿದರೆ ಮೂರನೆಯದೊಂದು ಎದುರಾಗುತ್ತದೆ. ಊರಿನಿಂದ ಒಂದು ದಿಕ್ಕಿಗೆ ಬಾರಾಮತಿ ತಾಲೂಕಿನ ಸುಪೆ ಹತ್ತಿರ ಮಯೂರೇಶ್ವರ ಅಭಯಾರಣ್ಯವಿದೆ, ಚಿಂಕಾರಗಳದ್ದು. ಇನ್ನೊಂದು ದಿಕ್ಕಿಗೆ ಭೀಮಾ ದಾಟಿ ಹೋದರೆ ಕರ್ಜತ್ ತಾಲೂಕಿನ ರೆಹೆಕುರಿ, ಕೃಷ್ಣಮೃಗಗಳದ್ದು. ಎರಡೂ ಸೇರಿದರೆ ಎಂಟು ಚದರ ಕಿಲೋಮೀಟರೂ ಆಗುವುದಿಲ್ಲ. ನಮ್ಮ ಉತ್ತರ ಕರ್ನಾಟಕದವರು ಚಿಗರಿ ಎನ್ನುವ ಪ್ರಾಣಿ ಇದೇ. ಈ ಬಯಲುಸೀಮೆಯಲ್ಲಿ ಚಿಗರಿ ಹಿಡಿಯುತ್ತಿದ್ದವರು ಫಾಸೆ ಪಾರ್ಧಿಗಳು. ಫಾಸೆ ಎಂದರೆ ಉರುಳು. ಬಾಣವಿಲ್ಲ, ಗುಂಡಿಲ್ಲ; ನೆಲಕ್ಕೆ ಗೂಟ ಹೊಡೆದು ಸಾಲಾಗಿ ಕಟ್ಟಿದ ಉರುಳುಗಳು, ಅದರತ್ತ ಹಿಂಡನ್ನು ಮೆಲ್ಲಗೆ ತಿರುಗಿಸುವ ಜನ. ನಮ್ಮ ಕಡೆ ಇದೇ ಕಸುಬಿನವರಿಗೆ ಹರಣಶಿಕಾರಿ ಎಂಬ ಹೆಸರಿದೆ. ಜಾತಿಯ ಹೆಸರೇ ಜಿಂಕೆ ಬೇಟೆಗಾರ.

ಹಳಗನ್ನಡಕ್ಕೆ ಈ ಬೇಟೆ ಅಪರಿಚಿತವೇನಲ್ಲ. ಕಾಡಿನ ಪ್ರಾಣಿಯನ್ನು ಸೆಳೆಯಲು ಪಳಗಿಸಿ ಬಿಡುವ ಪ್ರಾಣಿಗೆ 'ದೀವ' ಎಂಬ ಪದವೇ ಇದೆ. ಆದರೆ ಕಾವ್ಯದ ನಾಯಕ ಯಾವಾಗಲೂ ಬಿಲ್ಲಿನವನು. ರಾಘವಾಂಕನ ಹರಿಶ್ಚಂದ್ರ ಬೇಟೆಗೆ ಹೊರಡುವುದು ಬೆಳೆ ಹಾಳಾಯಿತೆಂದು ಪ್ರಜೆಗಳು ದೂರು ತಂದಾಗ. ಅಲ್ಲಿ ಬೇಟೆ ರಾಜಧರ್ಮ. ಇಂದು ಗದಗ, ಕೊಪ್ಪಳ, ಹಾವೇರಿಯ ರೈತರು ಚಿಗರಿ ಹಿಂಡಿನ ಬಗ್ಗೆ ಅದೇ ದೂರು ಹೇಳುತ್ತಾರೆ. ದೂರು ಕೇಳಿ ಹೊರಡುವ ರಾಜ ಮಾತ್ರ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಾಣ, ಗುಂಡು, ಉರುಳುಗಳ ನಡುವೆ ಭೇದ ಮಾಡುವುದಿಲ್ಲ; ಹಿಡಿಯುವುದು, ಉರುಳೊಡ್ಡುವುದು, ಅಟ್ಟುವುದು, ಎಲ್ಲವೂ ಬೇಟೆಯೇ. ಕೃಷ್ಣಮೃಗದ ಮಟ್ಟಿಗೆ ಅದು ಸರಿಯಾದ ಕಾನೂನು ಎಂದೇ ನನ್ನ ಅಭಿಪ್ರಾಯ.

ಆದರೆ ಆಯುಧ ಹಿಡಿದವರ ನಡುವಿನ ಭೇದ 1972ಕ್ಕಿಂತ ಬಹಳ ಹಿಂದೆಯೇ ಶುರುವಾಗಿತ್ತು. ಕೊಡಗಿನಲ್ಲಿ ಗಂಡುಮಗು ಹುಟ್ಟಿದಾಗ ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನು ಕೈಗಿಟ್ಟು ಅಂಗಳದಲ್ಲಿ ಕೋವಿ ಹಾರಿಸುವ ಪದ್ಧತಿಯಿತ್ತು. ಅಲ್ಲಿನ ಕೋವಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ, 2019ರಲ್ಲಿ ಅದನ್ನು ಮತ್ತೆ 2029ರವರೆಗೆ ಮುಂದುವರಿಸಲಾಯಿತು. ಮುಧೋಳ ಸೀಮೆಯ ಹಲಗಲಿ ಬೇಡರು 1857ರಲ್ಲಿ ಹತಾರ ಕೊಡುವುದಿಲ್ಲ ಎಂದು ನಿಂತರು, ಊರು ಸುಟ್ಟುಹೋಯಿತು, ಅವರ ಪಾಲಿಗೆ ಒಂದು ಲಾವಣಿ ಉಳಿಯಿತು. ಪಾರ್ಧಿಗಳಿಗೆ ವಿನಾಯಿತಿಯೂ ಬರಲಿಲ್ಲ, ಲಾವಣಿಯೂ ಬರಲಿಲ್ಲ. 1871ರಲ್ಲಿ ಶುರುವಾದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಗಳ ಅಡಿಯಲ್ಲಿ ಹುಟ್ಟಿನಿಂದಲೇ ಅಪರಾಧಿಗಳೆಂದು ಹೆಸರು ಬಂತು. ಆ ಕಾಯ್ದೆ 1952ರಲ್ಲಿ ರದ್ದಾಯಿತು. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ಸೆಟ್ಲಮೆಂಟ್ ಎಂಬ ಬಡಾವಣೆ ಇವತ್ತಿಗೂ ಇದೆ. ಇಂಥ ಜನರನ್ನು ತಂತಿಬೇಲಿಯೊಳಗೆ ಇಟ್ಟಿದ್ದ ಜಾಗದ ಹೆಸರದು. ನಾವು ರಿಕ್ಷಾದವನಿಗೆ ಆ ಹೆಸರು ಹೇಳಿ ಹತ್ತಿ ಕೂರುತ್ತೇವೆ.

ಮರಾಠಿಯಲ್ಲಿ ಲಕ್ಷ್ಮಣ ಮಾನೆಯವರ 'ಉಪರಾ', ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' ಬಂದವು, ಎರಡಕ್ಕೂ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಪಾರ್ಧಿಗಳಲ್ಲ, ಆದರೆ ಅದೇ ಬಗೆಯ ಹಣೆಪಟ್ಟಿ ಹೊತ್ತು ಅಲೆದ ಸಮುದಾಯಗಳಿಂದ ಬಂದವರು. ಕನ್ನಡದಲ್ಲಿ ನಾನು ಓದಿದ ಬೇಟೆಯ ಬರಹಗಳಲ್ಲಿ ಉರುಳು ಕಟ್ಟುವವನು ಬಂದಾಗಲೆಲ್ಲ ಪಕ್ಕದ ಪಾತ್ರವಾಗಿಯೇ ಬಂದ: ಜಾಡು ತೋರಿಸುವವನು, ಹಳು ನುಗ್ಗುವವನು, ಕದ್ದು ಹಿಡಿಯುವವನು. ಕತೆ ಹೇಳುವ ದನಿ ಕೋವಿ ಹಿಡಿದವನದು.

ಕೊರತೆ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಉರುಳಿನ ಬೇಟೆಯಲ್ಲಿ ಹೊತ್ತಿಗೇನೂ ಕಡಿಮೆಯಿಲ್ಲ. ಉರುಳಿಗೆ ಬಿದ್ದ ಚಿಗರಿ ಸತ್ತಿರುವುದಿಲ್ಲ. ಹಿಡಿದವನು ಅದರ ಹತ್ತಿರ ಹೋಗಬೇಕು, ಕೊಂಬು ಹಿಡಿಯಬೇಕು, ಕಣ್ಣು ನೋಡಬೇಕು. ಅದು ಬಸುರಿಯೋ ಅಲ್ಲವೋ ಎಂಬುದು ಅವನ ಕೈಗೆ ತಿಳಿಯುತ್ತದೆ. ಬೇಕೆಂದರೆ ಬಿಡಬಹುದು, ಬಿಟ್ಟ ಬಾಣವನ್ನೂ ಗುಂಡನ್ನೂ ಹಾಗೆ ವಾಪಸ್ಸು ಕರೆಯಲಾಗದು. ಕಿಂದಮನ ಪ್ರಶ್ನೆಯನ್ನು ಕೊಲ್ಲುವ ಮೊದಲೇ ಕೇಳಿಕೊಳ್ಳಬಲ್ಲ ಬೇಟೆಗಾರ ಇವನೊಬ್ಬನೇ. ಅವನು ಕೇಳಿಕೊಂಡನೋ, ಹಸಿವು ಅದಕ್ಕೆ ಬಿಟ್ಟಿತೋ ಎಂಬುದನ್ನು ನಾವು ಊಹಿಸಿ ಬರೆದರೆ ಸಾಲದು. ಅವನ ಮನೆಯವರೇ ಬರೆಯಬೇಕು. ಹುಬ್ಬಳ್ಳಿ, ಗದಗ, ಸೊಲ್ಲಾಪುರದ ಸೆಟ್ಲಮೆಂಟುಗಳ ಮೂರನೆಯ, ನಾಲ್ಕನೆಯ ತಲೆಮಾರಿನವರು ಇವತ್ತು ಕಾಲೇಜುಗಳಲ್ಲಿದ್ದಾರೆ, ಕೆಲವರು ನಮ್ಮಂತೆ ಊರು ಬಿಟ್ಟು ಬಂದು ಪುಣೆಯಲ್ಲೇ ಇರಬಹುದು. ಅಂಥ ಒಂದು ಬರಹ ಈ ಪತ್ರಿಕೆಗೆ ಬಂದರೆ, ಅದು ಹಾಳೆಯ ಮೇಲೆ ಕೈಯಲ್ಲಿ ಬರೆದದ್ದಾದರೂ ಟೈಪ್ ಮಾಡಿಕೊಡುವ ಕೆಲಸ ನನಗಿರಲಿ.