‘ಸತುವಿನ ಸಲ್ಫೇಟ್’: ಷಷ್ಠಿಯ ರಚನೆ ಮತ್ತು ಸೂತ್ರದ ನೀರು

ಕನ್ನಡದ ಕೃಷಿ ಬರೆಹಗಳಲ್ಲಿ ‘ಸತುವಿನ ಸಲ್ಫೇಟ್’ ಎಂಬ ಹೆಸರು ನೆಲೆಯೂರಿದೆ. ಈ ಹೆಸರು ಸಂಯುಕ್ತದ ಸೂತ್ರವನ್ನು ಎಷ್ಟರಮಟ್ಟಿಗೆ ತಿಳಿಸುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ. ಸಂಖ್ಯೆಗಳ ಬಗೆಗೆ ಅದು ತಾಳುವ ಮೌನ ಒಂದೆಡೆ ಸಮರ್ಥನೀಯ, ಇನ್ನೊಂದೆಡೆ ಹಾನಿಕರ ಎಂಬುದು ನಮ್ಮ ವಾದ.

ಸತುವಿನ ಕ್ಲೋರೈಡಿನಲ್ಲಿ ಒಂದು ಸತುವಿಗೆ ಎರಡು ಕ್ಲೋರೈಡ್. ಸತುವಿನ ಫಾಸ್ಫೇಟಿನಲ್ಲಿ ಮೂರು ಸತುವಿಗೆ ಎರಡು ಫಾಸ್ಫೇಟ್. ಹೆಸರುಗಳು ಇದನ್ನು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಸಾಮಾನ್ಯ ಸಂಯುಕ್ತಗಳಲ್ಲಿ ಸತುವಿನ ಅಯಾನಿನ ಆವೇಶ +2 ಮಾತ್ರ. ಆವೇಶಗಳು ಸರಿದೂಗಬೇಕೆಂಬ ನಿಯಮದಿಂದಲೇ ಸೂತ್ರವನ್ನು ಪಡೆಯಬಹುದು. ಕಬ್ಬಿಣಕ್ಕೆ +2, +3 ಎರಡೂ ಉಂಟಾದ್ದರಿಂದ ಅಲ್ಲಿ ಹೆಸರೇ ಅದನ್ನು ಸೂಚಿಸಬೇಕಾಗುತ್ತದೆ.

ಸ್ಫಟಿಕದೊಳಗಿನ ನೀರು ಈ ನಿಯಮಕ್ಕೆ ಒಳಪಡದು. ನೀರಿನ ಅಣುವಿಗೆ ಆವೇಶವಿಲ್ಲವಾಗಿ ಅದರ ಸಂಖ್ಯೆಯನ್ನು ಲೆಕ್ಕದಿಂದ ಪಡೆಯಲಾಗದು. 1985ರ ರಸಗೊಬ್ಬರ ನಿಯಂತ್ರಣ ಆದೇಶವು ಏಳು ನೀರಿನ ಅಣುಗಳುಳ್ಳ ರೂಪಕ್ಕೆ ಕನಿಷ್ಠ 21%, ಒಂದೇ ಅಣುವುಳ್ಳ ರೂಪಕ್ಕೆ ಕನಿಷ್ಠ 33% ಸತುವನ್ನು ವಿಧಿಸಿದೆ. ಕೃಷ್ಣರಾಜನಗರದ ನಾಲಾ ಬಯಲಿನ ಭತ್ತದ ಬೆಳೆಗಾರರಿಗೆ ‘ಎಕರೆಗೆ 8 ಕೆ.ಜಿ. ಸತುವಿನ ಸಲ್ಫೇಟ್’ ಎಂದಷ್ಟೇ ಹೇಳಿದರೆ, ಈ ಪ್ರಮಾಣಗಳಂತೆ ಗದ್ದೆಗೆ ಸೇರುವ ಸತು ಮೊದಲನೆಯದರಿಂದ 1.68 ಕೆ.ಜಿ., ಎರಡನೆಯದರಿಂದ 2.64 ಕೆ.ಜಿ. ಹೆಸರೂ ತೂಕವೂ ಒಂದೇ. ಪೋಷಕಾಂಶ ಮಾತ್ರ ಒಂದೂವರೆ ಪಟ್ಟಿಗೂ ಮೀರಿ ಬೇರೆಯಾಗುತ್ತದೆ.

ಹಳೆಯ ಹೆಸರಾದ ‘ಮೈಲುತುತ್ತ’ಕ್ಕೆ ಈ ತೊಡಕಿಲ್ಲ. ನವಿಲಿನ ಬಣ್ಣವನ್ನು ನೆನಪಿಸುವ ಆ ಹೆಸರು ನೀರುಳ್ಳ ತಾಮ್ರದ ಸಲ್ಫೇಟಿಗಷ್ಟೇ ಒಪ್ಪುತ್ತದೆ. ಕಾಯಿಸಿ ನೀರನ್ನು ಕಳೆದರೆ ನೀಲಿಯೂ ಅಳಿಯುತ್ತದೆ. ಸತುವಿನ ಸಲ್ಫೇಟಿನ ಎರಡು ರೂಪಗಳನ್ನು ಬಣ್ಣದಿಂದ ಗುರುತಿಸಲಾಗದು. ಆದುದರಿಂದ ಹೊಣೆ ಹೆಸರಿನದೇ.

ಆ ಹೆಸರಿಗೆ ನೀರನ್ನು ಸೇರಿಸಹೊರಟಾಗ ವ್ಯಾಕರಣದ ತೊಡಕು ಎದುರಾಗುತ್ತದೆ. ‘ಏಳು ನೀರಿನ ಸತುವಿನ ಸಲ್ಫೇಟ್’ ಎಂಬಲ್ಲಿ ಎರಡು ಷಷ್ಠಿಗಳು ಒಂದರ ಹಿಂದೊಂದು ಬರುತ್ತವೆ. ಮೊದಲನೆಯದು ಸತುವಿಗೆ ಅನ್ವಯಿಸುವುದೋ ಇಡೀ ಸಂಯುಕ್ತಕ್ಕೋ ಎಂಬುದು ಸಂದಿಗ್ಧ. ಅಲ್ಲದೆ ‘ಸತುವಿನ ಶುದ್ಧ ಸಲ್ಫೇಟ್’ ಎಂಬಂತೆ ಈ ರಚನೆಯ ನಡುವೆ ಬೇರೆ ಪದ ಬರಬಲ್ಲದು. ಎಂದರೆ ಇದು ಪದಪುಂಜ; ಬಿಡಿಸಲಾಗದ ಪಾರಿಭಾಷಿಕ ಪದವಲ್ಲ. ‘ಸತುಸಲ್ಫೇಟ್’ ಎಂಬ ಸಮಾಸ ಹೀಗೆ ಒಡೆಯದು. ಆದಕಾರಣ ‘ಏಳುನೀರಿನ ಸತುಸಲ್ಫೇಟ್’, ‘ಒಂದುನೀರಿನ ಸತುಸಲ್ಫೇಟ್’ ಎಂಬ ರೂಪಗಳನ್ನು ಸೂಚಿಸುತ್ತೇವೆ.

ಇದು ಅರಿಸಮಾಸವೆಂಬ ಆಕ್ಷೇಪ ಬರಬಹುದು. ‘ಬಸ್‌ನಿಲ್ದಾಣ’ವನ್ನು ಒಪ್ಪಿಕೊಂಡ ಭಾಷೆಗೆ ಅದು ಅಡ್ಡಿಯಾಗಲಾರದು. ಸೂತ್ರದಲ್ಲಿ ಚುಕ್ಕಿಯ ಬಳಿಕ ಕೊನೆಗೆ ಬರೆಯುವ ನೀರು ಇಲ್ಲಿ ಹೆಸರಿನ ಮೊದಲಿಗೆ ಬರುತ್ತದೆ. ವಿಶೇಷಣವನ್ನು ವಿಶೇಷ್ಯಕ್ಕೆ ಮುಂಚೆ ಇಡುವ ಕನ್ನಡಕ್ಕೆ ಆ ಕ್ರಮವೇ ಸಹಜ.