ಮೊದಲು ಹಾಡೋ, ಮೊದಲು ಸ್ವರವೋ?

ಲೋಯಿಸ್ ಚೋಕ್ಸಿಯವರ ‘ದ ಕೊಡಾಯ್ ಮೆಥಡ್’ 1974ರಲ್ಲಿ ಪ್ರಕಟವಾದ ಪುಸ್ತಕ. ಅಮೆರಿಕದ ಪ್ರಾಥಮಿಕ ಶಾಲೆಗಳ ಸಂಗೀತ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆದರೂ ಇಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಅದನ್ನು ಓದಬೇಕು ಎಂಬುದು ನನ್ನ ವಾದ. ನಮ್ಮ ಎಷ್ಟೋ ಮಕ್ಕಳು ಶಾಲೆಯಲ್ಲಿ ಡೊ-ರೆ-ಮಿ ಹಾಡುತ್ತಾರೆ, ವಾರಾಂತ್ಯದಲ್ಲಿ ಪಾಟಿನ ಟೀಚರ್ ಮನೆಯಲ್ಲಿ ಸ-ರಿ-ಗ ಹಾಡುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಗೋಜಿಗೆ ನಾವು ಹೋಗುವುದಿಲ್ಲ.

ಹಂಗೇರಿಯ ಜೊಲ್ತಾನ್ ಕೊಡಾಯ್ (1882–1967) ಹೆಸರಾಂತ ಸಂಗೀತ ರಚನಕಾರರು. ಬೇಲಾ ಬಾರ್ಟೋಕ್‌ರಂತೆ ಹಳ್ಳಿಗಳನ್ನು ತಿರುಗಿ ಜನಪದ ಹಾಡು ಸಂಗ್ರಹಿಸಿದವರು. ಮಾತಿಗೆ ತಾಯ್ನುಡಿ ಇರುವಂತೆ ಸಂಗೀತಕ್ಕೂ ಒಂದು ತಾಯ್ನುಡಿ ಇದೆ, ಅದು ಮಗುವಿನ ನೆಲದ ಹಾಡು ಎಂಬುದು ಅವರ ನಿಲುವು. 1950ರಲ್ಲಿ ಅವರ ಹುಟ್ಟೂರಾದ ಕೆಚ್ಕೆಮೇಟ್‌ನಲ್ಲಿ ದಿನವೂ ಸಂಗೀತ ಪಾಠವಿರುವ ಪ್ರಾಥಮಿಕ ಶಾಲೆ ಆರಂಭವಾಯಿತು. ಈ ಪದ್ಧತಿಯೆಂದರೆ ಎಲ್ಲರಿಗೂ ನೆನಪಾಗುವ ಕೈಸನ್ನೆಗಳು ಅವರ ಸ್ವಂತದ್ದಲ್ಲ, 19ನೇ ಶತಮಾನದ ಇಂಗ್ಲೆಂಡಿನ ಜಾನ್ ಕರ್ವೆನ್‌ರಿಂದ ಬಂದವು. ಮುಖ್ಯವಾದದ್ದು ಕ್ರಮ: ಮೊದಲು ಹಾಡು ಬಾಯಿಗೆ ಬರಬೇಕು, ಆಮೇಲೆ ಅದರೊಳಗಿನ ಸ್ವರಕ್ಕೆ ಹೆಸರು, ಕೊನೆಗೆ ಬರಹ.

ಚೋಕ್ಸಿಯವರ ಹೆಚ್ಚುಗಾರಿಕೆ ಎಂದರೆ, ಹಂಗೇರಿಯ ಹಾಡುಗಳನ್ನು ಇಂಗ್ಲಿಷಿಗೆ ತಿರುಗಿಸಿ ಅಷ್ಟಕ್ಕೇ ಬಿಡಲಿಲ್ಲ. ಅಮೆರಿಕದ ಜನಪದ ಹಾಡುಗಳ ಮೇಲೆಯೇ ಪಾಠದ ಕ್ರಮ ಕಟ್ಟಿದರು. ಇದು ಅಗತ್ಯವೂ ಆಗಿತ್ತು. ಹಂಗೇರಿಯನ್ ಪದದ ಒತ್ತು ಮೊದಲ ಅಕ್ಷರದ ಮೇಲೆ. ಹಾಡು ತಾಳದ ಪೆಟ್ಟಿನ ಮೇಲೆಯೇ ಎದ್ದೇಳುತ್ತದೆ. ಇಂಗ್ಲಿಷಿನಲ್ಲಿ ಪುಟ್ಟ ಪದವೊಂದು ಪೆಟ್ಟಿಗೆ ಮುಂಚೆಯೇ ನುಸುಳುತ್ತದೆ. ಭಾಷೆ ಬದಲಾದರೆ ಪಾಠವೂ ಬದಲಾಗಬೇಕು. ಕುತೂಹಲದ ಸಂಗತಿ, ಹಂಗೇರಿಯನ್ನಿನಂತೆ ಕನ್ನಡದಲ್ಲೂ ಹ್ರಸ್ವ-ದೀರ್ಘಗಳಿಂದ ಅರ್ಥವೇ ಬದಲಾಗುತ್ತದೆ: ಬಳೆ ಬೇರೆ, ಬಾಳೆ ಬೇರೆ. ಹಾಡುತ್ತಲೇ ಮಾತ್ರೆಯ ಲೆಕ್ಕ ಕಲಿಯಲು ನಮ್ಮ ನುಡಿ ಹೇಳಿಮಾಡಿಸಿದಂತಿದೆ.

ನಾವು ಮಾಡುವುದೇನು? ಆರು ವರ್ಷದ ಮಗುವನ್ನು ಕೂರಿಸಿ ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಆರಂಭಿಸುತ್ತೇವೆ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ಹೇಳುತ್ತದೆ. ರಾಗದ ಆಯ್ಕೆಗೆ ಕಾರಣವಿಲ್ಲದಿಲ್ಲ: ಪೂರ್ವಾಂಗ, ಉತ್ತರಾಂಗ ಎರಡೂ ಒಂದೇ ಅಚ್ಚಿನವು, ಕಿವಿ ಚುರುಕಾಗುತ್ತದೆ. ಆದರೆ ಸ-ರಿ, ಗ-ಮ, ಪ-ದ, ನಿ-ಸ ಎಂದು ನಾಲ್ಕು ಕಡೆ ಅತಿ ಕಿರಿದಾದ ಅಂತರ, ನಡುವೆ ದೊಡ್ಡ ಜಿಗಿತ. ಚಿಕ್ಕ ಮಕ್ಕಳಿಗೆ ಆ ಕಿರಿದಾದ ಅಂತರ ಸರಿಯಾಗಿ ಹಿಡಿಯುವುದು ಕಷ್ಟವೆಂದೇ ಕೊಡಾಯ್ ಅದನ್ನು ಮುಂದೂಡಿ, ಎರಡು ಮೂರು ಸ್ವರಗಳಿಂದ ಆರಂಭಿಸಿ ಐದಕ್ಕೆ ನಿಂತರು. ಆ ಐದು ನಮ್ಮ ಮೋಹನದ ಸ್ವರಗಳೇ.

ಇಲ್ಲಿ ವೈದ್ಯನಾಗಿ ಒಂದು ಮಾತು. ಧ್ವನಿತಂತುಗಳ ಒಳಪದರಗಳು ಹದಿಹರೆಯದವರೆಗೂ ರೂಪುಗೊಳ್ಳುತ್ತಲೇ ಇರುತ್ತವೆ. ಆರು ವರ್ಷದ ಮಗು ಹಾಯಾಗಿ ಹಾಡುವುದು ಸುಮಾರು ಆರು ಸ್ವರಗಳಷ್ಟು ಜಾಗದಲ್ಲಿ. ಗುರುವಿನ ಶ್ರುತಿಗೇ ಮಗುವನ್ನು ಕಟ್ಟಿ, ತಾರಷಡ್ಜದವರೆಗೆ ದಿನವೂ ಏರಿಸಿದರೆ, ಕೆಳಗೆ ಗೊರಗುಟ್ಟುತ್ತದೆ, ಇಲ್ಲವೇ ಮೇಲೆ ಕಿರುಚುತ್ತದೆ. ಆಮೇಲೆ ‘ಇವಳಿಗೆ ಕಂಠ ಇಲ್ಲ’ ಎಂದು ನಾವೇ ತೀರ್ಪು ಕೊಡುತ್ತೇವೆ! ಆ ತೀರ್ಪನ್ನು ಮಗು ಜೀವಮಾನವಿಡೀ ಹೊತ್ತು ತಿರುಗುತ್ತದೆ.

ಚೋಕ್ಸಿಯವರ ಪುಸ್ತಕದ ಬಗ್ಗೆ ನನ್ನ ತಕರಾರೂ ಇದೆ. ತರಗತಿಗೆಲ್ಲ ಒಂದೇ ಹಾಡಿನ ಭಂಡಾರ ಎಂದು ಅದು ನಂಬುತ್ತದೆ. ಇಂದು ಒಂದೇ ಕೋಣೆಯಲ್ಲಿ ನಾಲ್ಕಾರು ತಾಯ್ನುಡಿಯ ಮಕ್ಕಳಿರುವಾಗ, ತಾಯ್ನುಡಿಯ ತತ್ತ್ವ ಹಿಂದೆ ಸರಿದು ಕೈಸನ್ನೆಯಷ್ಟೇ ಉಳಿಯುವ ಅಪಾಯವಿದೆ. ಇನ್ನೊಂದು ತೊಡಕು: ಅವರ ಡೊ ನಮ್ಮ ಷಡ್ಜದಂತೆ ಎಲ್ಲಿ ಬೇಕಾದರೂ ನಿಲ್ಲಬಲ್ಲದು, ಆದರೆ ಮೈನರ್ ಹಾಡಿನಲ್ಲಿ ಆಧಾರ ಲಾ ಆಗುತ್ತದೆ. ನಮ್ಮಲ್ಲಿ ಆಧಾರ ಯಾವಾಗಲೂ ಸ. ಇದನ್ನು ಮಗುವಿಗೆ ಯಾರಾದರೂ ಬಿಡಿಸಿ ಹೇಳಬೇಕು. ಶಾಲೆಯ ಟೀಚರ್ ಹೇಳಲಾರರು, ನಮ್ಮ ಟೀಚರೇ ಹೇಳಬೇಕು.

ಸರಳೆ ವರಸೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಎರಡು ವರ್ಷ ತಡೆಯಿರಿ ಎನ್ನುತ್ತಿದ್ದೇನೆ. ದಾಸರು ಜನರ ಬಾಯಲ್ಲಿ ನಿಂತದ್ದು ಕನ್ನಡದ ಹಾಡುಗಳಿಂದ, ಅಭ್ಯಾಸದ ವರಸೆಗಳಿಂದಲ್ಲ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗೆಂದೇ ಬರೆದ ಪದ್ಯಗಳಿವೆ, ಅಜ್ಜಿಯರ ಬಾಯಲ್ಲಿ ಲಾಲಿ ಹಾಡುಗಳಿವೆ. ಯಾವುದರಲ್ಲಿ ಮೂರೇ ಸ್ವರ, ಯಾವುದರಲ್ಲಿ ಐದು, ಯಾವುದು ಆರು ವರ್ಷದ ಗಂಟಲಿಗೆ ಸಲ್ಲುತ್ತದೆ ಎಂದು ವಿಂಗಡಿಸಿ ಬರೆದಿಡಲು ಒಂದು ಹಾರ್ಮೋನಿಯಂ ಮತ್ತು ನಮ್ಮ ಸಂಘದ ನಾಲ್ಕು ಜನ ಅಜ್ಜಿಯರು ಸಾಕು.